ಒಂದೇ ದ್ವೀಪ ಸಾಕು
ಫ್ರೆಂಚ್ ಪಾಲಿನೇಷ್ಯಾಕ್ಕೆ ಮೊದಲ ಸಲ, ಅದೂ ವಿಶ್ರಾಂತಿಗೆಂದು ಹೊರಡುವವರು ಟಹೀಟಿ, ಮೂರಿಯಾ, ಹುವಾಹಿನೆ, ಬೋರಾ ಬೋರಾ ಎಂದು ಒಂದೇ ವಾರದಲ್ಲಿ ನಾಲ್ಕು ದ್ವೀಪ ತುರುಕುವುದು ವಿಚಿತ್ರ. ಭೂಪಟದಲ್ಲಿ ಚುಕ್ಕಿಗಳು ಒತ್ತೊತ್ತಾಗಿ ಕಾಣುತ್ತವೆ, ನಿಜ. ಆದರೆ ಆ ನೂರಕ್ಕೂ ಹೆಚ್ಚು ದ್ವೀಪಗಳು ಹರಡಿರುವ ಕಡಲು ಪಶ್ಚಿಮ ಯುರೋಪಿನಷ್ಟು ವಿಶಾಲ. ಟಹೀಟಿಯಲ್ಲಿರುವ ರಾಜಧಾನಿ ಪಪೀಟೆಯಿಂದ ಬೋರಾ ಬೋರಾಕ್ಕೆ ವಿಮಾನದಲ್ಲಿ ಒಂದು ಗಂಟೆಯೂ ಹಿಡಿಯದು. ಆದರೆ ನಿಲ್ದಾಣವಿರುವುದು ಹವಳದಂಡೆಯ ಪುಟ್ಟ ನಡುಗಡ್ಡೆಯಲ್ಲಿ, ಇಳಿದ ಮೇಲೆ ಮತ್ತೆ ದೋಣಿ ಹತ್ತಬೇಕು. ಗಂಟುಮೂಟೆ ಕಟ್ಟುವುದು, ಕೋಣೆ ಬಿಡುವುದು, ಕಾಯುವುದು ಎಲ್ಲ ಸೇರಿ ಪ್ರತಿ ಜಿಗಿತಕ್ಕೂ ಅರ್ಧ ದಿನ ಖೋತಾ. ಮೂರಿಯಾದ ಲೆಕ್ಕವೇ ಬೇರೆ: ಪಪೀಟೆಯಿಂದ ಫೆರಿಯಲ್ಲಿ ಅರ್ಧ-ಮುಕ್ಕಾಲು ಗಂಟೆ. ಸುಮಾರು 60 ಕಿಲೋಮೀಟರಿನ ಸುತ್ತುರಸ್ತೆ, ಕುಕ್ ಮತ್ತು ಒಪುನೊಹು ಕೊಲ್ಲಿಗಳು, ಅನಾನಸ್ ತೋಟಗಳು, ಹವಳದಂಡೆಯೊಳಗಿನ ತಿಳಿನೀರು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳೂ ಉಂಟು. (ಮಳೆ ಕಡಿಮೆಯಿರುವ ಕಾಲವೂ ಅದೇ ಆದ್ದರಿಂದ ಬಾಡಿಗೆ ಮಾತ್ರ ಬಿಗಿ.) ಅಷ್ಟು ದೂರ ಹೋಗಿ ಒಂದೇ ದ್ವೀಪವೇ ಎಂದು ಯಾರಾದರೂ ಕೇಳಿಯಾರು. ಆ ದೂರವೇ ಈ ವಾದಕ್ಕೆ ಬಲ: ಭಾರತದಿಂದ ನೇರ ವಿಮಾನವಿಲ್ಲ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ 15 ಗಂಟೆ 30 ನಿಮಿಷ ಹಿಂದೆ, ನಿದ್ದೆ ಹಳಿಗೆ ಬರಲೇ ಒಂದೆರಡು ದಿನ ಬೇಕು. ಬೋರಾ ಬೋರಾದ ನೀಲಿಗೆ ಸಾಟಿಯಿಲ್ಲ ಎನ್ನುವವರ ಮಾತನ್ನು ಮಾತ್ರ ಸುಲಭಕ್ಕೆ ತಳ್ಳಿಹಾಕಲಾಗದು. ಅಂಥವರು ಕೊನೆಯ ಎರಡು ರಾತ್ರಿ ಅಲ್ಲಿಗೆಂದು ಇಟ್ಟುಕೊಳ್ಳಲಿ. ನೀರಿನ ಮೇಲಿನ ಬಂಗಲೆಯ ಬಾಡಿಗೆ ಕೊಡುವ ಮುಂಚೆ, ಅದೇ ದುಡ್ಡಿಗೆ ಮೂರಿಯಾದಲ್ಲಿ ಸ್ಥಳೀಯ ಕುಟುಂಬಗಳು ನಡೆಸುವ ಅತಿಥಿಗೃಹಗಳಲ್ಲಿ ಎಷ್ಟು ದಿನ ಹೆಚ್ಚು ಇರಬಹುದೆಂದು ಒಮ್ಮೆ ಲೆಕ್ಕ ಹಾಕಿಕೊಳ್ಳಲಿ.