‘ನೀನು’ ಯಾರಿಗೆ? ‘ನೀವು’ ಯಾರಿಗೆ?



ನಮ್ಮ ಭಾಷೆಯಲ್ಲಿ ಎದುರಿಗಿದ್ದವರನ್ನು ಮಾತಾಡಿಸಲು ಎರಡು ದಾರಿ ಉಂಟು. ಒಂದು ‘ನೀನು’, ಇನ್ನೊಂದು ‘ನೀವು’. ತುಳುವಿನಲ್ಲಿ ‘ಈ’ ಮತ್ತು ‘ಈರ್’. ಕೊಂಕಣಿಯಲ್ಲಿ ‘ತೂಂ’ ಮತ್ತು ‘ತುಮಿ’. ನಮ್ಮೂರಿನ ‘ಮಾರಾಯ’ ಕೂಡ ಮರ್ಯಾದೆ ಬೇಕಾದಲ್ಲಿ ‘ಮಾರಾಯ್ರೆ’ ಆಗುತ್ತದೆ. ಈಗಿನ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಅವರಿಗೆ ಈ ತಲೆಬಿಸಿ ಇಲ್ಲ.

ದೊಡ್ಡವರಿಗೆ ಬಹುವಚನ ಬಳಸಬೇಕೆಂದು ಒಂದನೇ ಕ್ಲಾಸಿನಿಂದಲೇ ನಮಗೆ ಹೇಳಿಕೊಟ್ಟಿದ್ದಾರೆ. ಆದರೆ ದೊಡ್ಡವರು ಅಂದರೆ ಯಾರು? ಇಲ್ಲೇ ನನ್ನ ಪ್ರಶ್ನೆ ಇರುವುದು.

ಮಂಗಳೂರು ಪೇಟೆಗೆ ಹೋದಾಗ ಸ್ವಲ್ಪ ಗಮನಿಸಿ. ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತವರಿಗೆ ಇಪ್ಪತ್ತೈದೇ ವರ್ಷವಾದರೂ ಎಲ್ಲರೂ ‘ನೀವು, ಸರ್’ ಎನ್ನುತ್ತಾರೆ. ಮೀನು ಮಾರುವ ಅರುವತ್ತು ವರ್ಷದ ಅಜ್ಜಿಗೆ ‘ಬಂಗುಡೆ ಎಷ್ಟಕ್ಕೆ ಕೊಡ್ತೀ?’ ಎನ್ನುವವರು ತುಂಬ ಜನ. ಮೂಟೆ ಹೊರುವವರು, ಚರಂಡಿ ತೆಗೆಯುವವರು, ಘಟ್ಟದ ಮೇಲಿನಿಂದ ಕೂಲಿಗೆ ಬಂದವರು, ಇವರ ತಲೆ ನರೆತಿದ್ದರೂ ಏಕವಚನವೇ. ಹಾಗಾದರೆ ನಾವು ಮರ್ಯಾದೆ ಕೊಡುವುದು ಪ್ರಾಯಕ್ಕೋ, ಕುರ್ಚಿಗೋ?

ಹಿಂದೆ ಇದು ಇನ್ನೂ ಜೋರಿತ್ತು. ನಮ್ಮ ಜಿಲ್ಲೆಯಲ್ಲಿ ಗೇಣಿಗೆ ಗದ್ದೆ ಮಾಡುವವರು ಭೂಮಿಯ ಯಜಮಾನರನ್ನು ‘ಧನಿ’ ಎಂದು ಕರೆದು ‘ಈರ್’ ಎನ್ನಬೇಕಿತ್ತು. ಧನಿಗಳ ಮನೆಯ ಮಕ್ಕಳು ಮಾತ್ರ ಮುದುಕರಾದ ಒಕ್ಕಲಿನವರಿಗೂ ‘ಈ’ ಎನ್ನುತ್ತಿದ್ದರು. 1974ರಲ್ಲಿ ಭೂಸುಧಾರಣೆ ಕಾನೂನು ಜಾರಿಗೆ ಬಂದು ಗೇಣಿದಾರರಿಗೆ ಗದ್ದೆಯ ಹಕ್ಕು ಸಿಕ್ಕಿತು. ಆದರೆ ನಮ್ಮ ನಾಲಿಗೆ ಇನ್ನೂ ಪೂರ್ತಿ ಬದಲಾಗಿಲ್ಲ.

ಬೇರೆ ದೇಶದಲ್ಲೂ ಈ ಪ್ರಶ್ನೆ ಬಂದಿದೆ. ಫ್ರೆಂಚ್ ಭಾಷೆಯಲ್ಲಿ ‘ತ್ಯು’ ಅಂದರೆ ನೀನು, ‘ವು’ ಅಂದರೆ ನೀವು. 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಆಯಿತು. ಎಲ್ಲರೂ ಸಮಾನರು, ಆದ್ದರಿಂದ ಎಲ್ಲರಿಗೂ ‘ತ್ಯು’ ಎನ್ನಬೇಕೆಂದು 1793ರಲ್ಲಿ ಕ್ರಾಂತಿಕಾರಿಗಳು ಒತ್ತಾಯ ಮಾಡಿದರು. ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಈಗ ಅಲ್ಲಿ ಅಂಗಡಿಯವರು ಗಿರಾಕಿಗೆ ‘ವು’ ಎನ್ನುತ್ತಾರೆ, ಗಿರಾಕಿಯೂ ಅಂಗಡಿಯವರಿಗೆ ‘ವು’ ಎನ್ನುತ್ತಾರೆ. ಇದೇ ಸರಿ ಎಂದು ನನ್ನ ಅಭಿಪ್ರಾಯ. ಸಮಾನ ಮಾಡುವುದಾದರೆ ಎಲ್ಲರನ್ನೂ ಮೇಲಕ್ಕೆ ಏರಿಸಿ ಸಮಾನ ಮಾಡಬೇಕು.

‘ನೀನು ಅಂದರೆ ಪ್ರೀತಿ, ಅಮ್ಮನಿಗೂ ದೇವರಿಗೂ ನೀನು ಅನ್ನುವುದಿಲ್ಲವಾ?’ ಎಂದು ಕೆಲವರು ಕೇಳಬಹುದು. ಅದು ನಿಜ. ಆದರೆ ಅಮ್ಮನೂ ನಮಗೆ ‘ನೀನು’ ಎನ್ನುತ್ತಾಳೆ, ಗೆಳೆಯರೂ ಎನ್ನುತ್ತಾರೆ. ಎರಡೂ ಕಡೆಯಿಂದ ಬಂದರೆ ಅದು ಪ್ರೀತಿ. ಮೇಷ್ಟ್ರು ನಮಗೆ ‘ನೀನು’ ಎನ್ನುವುದು ನಾವು ಸಣ್ಣವರೆಂದು. ನಾವು ದೊಡ್ಡವರಾದ ಮೇಲೆ ನಮಗೂ ‘ನೀವು’ ಸಿಗುತ್ತದೆ. ಕೂಲಿ ಮಾಡುವವರಿಗೆ ಎಷ್ಟು ಪ್ರಾಯವಾದರೂ ಅದು ಸಿಗುವುದಿಲ್ಲ. ಇದು ಪ್ರೀತಿ ಅಲ್ಲ, ದರ್ಪ.

‘ನೀವು ಅಂದರೆ ಅವರಿಗೇ ನಾಚಿಕೆ ಆಗ್ತದೆ’ ಎಂದೂ ಹೇಳುತ್ತಾರೆ. ಯಾರೂ ಹಾಗೆ ಕರೆಯದ ಕಾರಣ ನಾಚಿಕೆ ಆಗುವುದು. ನಾಲ್ಕು ದಿನ ಕರೆದರೆ ಅಭ್ಯಾಸ ಆಗುತ್ತದೆ.

ನಾವು ನಮ್ಮ ಶಾಲೆಯಿಂದಲೇ ಶುರು ಮಾಡೋಣ. ಬಿಸಿಯೂಟ ಬಡಿಸುವ ಅಕ್ಕನವರಿಗೆ ‘ಸಾಂಬಾರು ಹಾಕು’ ಅನ್ನುವ ಬದಲು ‘ಹಾಕಿ’ ಅನ್ನೋಣ. ‘ಕು’ವಿನ ಕೊಂಬು ತೆಗೆದು ಗುಡಿಸು ಕೊಟ್ಟರೆ ಆಯಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಮಗಿಂತ ಹಿರಿಯರು ಯಾರೇ ಆಗಲಿ, ಯಾವ ಕೆಲಸವೇ ಮಾಡಲಿ, ಮೊದಲು ‘ನೀವು’ ಎನ್ನೋಣ. ಮರ್ಯಾದೆ ಕೊಟ್ಟು ಮರ್ಯಾದೆ ತಗೊಳ್ಳಬೇಕು ಎಂಬ ಮಾತೇ ಉಂಟಲ್ಲ!

ಇದಕ್ಕೆ ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಿ.

– 7ನೇ ತರಗತಿ