ಸೌಜನ್ಯ ದೌರ್ಬಲ್ಯವಲ್ಲ

ಒರಟುತನವನ್ನು ಧೈರ್ಯವೆಂದೂ ಸೌಜನ್ಯವನ್ನು ದೌರ್ಬಲ್ಯವೆಂದೂ ಭಾವಿಸುವ ರೋಗವೊಂದು ನಮ್ಮ ಸಾರ್ವಜನಿಕ ಬದುಕನ್ನು ಆವರಿಸಿದೆ. ವೇದಿಕೆಯೇರಿ ಎದುರಾಳಿಯನ್ನು ಏಕವಚನದಲ್ಲಿ ನಿಂದಿಸಿದವನಿಗೆ ಚಪ್ಪಾಳೆ ಸಿಗುತ್ತದೆ. ಅದೇ ಎದುರಾಳಿಯ ಕುಶಲ ವಿಚಾರಿಸಿದವನು ‘ರಾಜಿ ಮಾಡಿಕೊಂಡವ’ನೆಂಬ ಆರೋಪಕ್ಕೆ ಗುರಿಯಾಗುತ್ತಾನೆ. ಇನ್ನೊಂದೆಡೆ, ಚುನಾವಣೆ ಸಮೀಪಿಸಿದಾಗ ಮಾತ್ರ ಮನೆಬಾಗಿಲಿಗೆ ಬಂದು ಕೈಮುಗಿಯುವವರ ಮಂದಹಾಸವಿದೆ. ಮೊದಲನೆಯದು ಅಹಂಕಾರ, ಎರಡನೆಯದು ವ್ಯಾಪಾರ. ಇವೆರಡೂ ಅಲ್ಲದ ಸೌಜನ್ಯವೆಂಬುದೊಂದು ಇದೆ ಎಂಬುದನ್ನೇ ನಾವು ಮರೆತಿದ್ದೇವೆ.

ದಕ್ಷಿಣ ಆಫ್ರಿಕಾದ ಇತಿಹಾಸದತ್ತ ಒಮ್ಮೆ ಕಣ್ಣು ಹಾಯಿಸಿರಿ. 1908ರ ಜನವರಿಯಲ್ಲಿ ಗಾಂಧೀಜಿ ಮತ್ತು ಟ್ರಾನ್ಸ್‌ವಾಲ್ ಸರಕಾರದ ಜನರಲ್ ಸ್ಮಟ್ಸ್ ನಡುವೆ ಒಪ್ಪಂದವಾಯಿತು. ಭಾರತೀಯರು ಸ್ವಇಚ್ಛೆಯಿಂದ ನೋಂದಣಿ ಮಾಡಿಸಿಕೊಂಡರೆ ಕರಾಳ ಕಾನೂನು ರದ್ದಾಗುವುದೆಂದು ಗಾಂಧೀಜಿ ನಂಬಿದ್ದರು. ಕಾನೂನು ರದ್ದಾಗಲಿಲ್ಲ. ಆಗಸ್ಟ್ 16ರಂದು ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಆವರಣದಲ್ಲಿ ಭಾರತೀಯರು ತಮ್ಮ ನೋಂದಣಿ ಪತ್ರಗಳನ್ನು ಬೆಂಕಿಗೆ ಹಾಕಿದರು. ಮುಂದೆ ಗಾಂಧೀಜಿ ಮತ್ತೆ ಮತ್ತೆ ಸೆರೆಮನೆ ಸೇರಿದರು.

ಇಷ್ಟಾದರೂ 1914ರ ಜನವರಿಯಲ್ಲಿ ಬಿಳಿಯ ರೈಲ್ವೆ ನೌಕರರ ಮುಷ್ಕರದಿಂದ ಸರಕಾರ ತತ್ತರಿಸಿದಾಗ ಅವರು ಮಾಡಿದ್ದೇನು? ಎದುರಾಳಿಯ ಸಂಕಟವನ್ನು ತಮ್ಮ ಲಾಭಕ್ಕೆ ಬಳಸಲೊಪ್ಪದೆ, ಯೋಜಿಸಿದ್ದ ಜಾಥಾವನ್ನೇ ಮುಂದೂಡಿದರು. ಅದೇ ವರ್ಷ ಆ ದೇಶವನ್ನು ಬಿಡುವಾಗ, ಸೆರೆಮನೆಯಲ್ಲಿ ತಾವೇ ಹೊಲಿದ ಚಪ್ಪಲಿಗಳನ್ನು ಸ್ಮಟ್ಸ್‌ಗೆ ಉಡುಗೊರೆಯಾಗಿ ನೀಡಿದರು. ತಮ್ಮನ್ನು ಸೆರೆಗೆ ತಳ್ಳಿದವನಿಗೆ!

ಬರೀ ಮೃದು ಮಾತಿನಿಂದ ಹಕ್ಕು ದೊರೆಯುವುದೇ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಪತ್ರ ಸುಟ್ಟದ್ದು, ಸೆರೆವಾಸ ಅನುಭವಿಸಿದ್ದು, ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದ್ದು ಮೃದು ಮಾತಲ್ಲ. ಆ ಹೋರಾಟದ ಫಲವಾಗಿಯೇ 1914ರ ಕಾನೂನು ಭಾರತೀಯರ ಮೇಲಿನ ಮೂರು ಪೌಂಡ್ ತೆರಿಗೆಯನ್ನು ತೆಗೆದುಹಾಕಿತು. ಅವರ ಧರ್ಮವಿಧಿಯಂತೆ ನಡೆದ ಏಕಪತ್ನಿ ವಿವಾಹಗಳಿಗೆ ಮಾನ್ಯತೆ ನೀಡಿತು. ಎಲ್ಲವೂ ದೊರೆಯಲಿಲ್ಲ ನಿಜ. ಆದರೆ ಬೇಡಿಕೆಯಲ್ಲಿ ಬಿಗಿ, ನಡವಳಿಕೆಯಲ್ಲಿ ಮಾರ್ದವ ಒಟ್ಟಿಗೆ ಇರಬಲ್ಲವೆಂಬುದು ಅಲ್ಲಿ ಸಾಬೀತಾಯಿತು. ಹೋರಾಟ ಹಕ್ಕನ್ನು ತಂದಿತು. ಸೌಜನ್ಯ ಎದುರಾಳಿಯ ಮನಸ್ಸನ್ನು ತಂದಿತು. ಗಾಂಧೀಜಿಯ ಎಪ್ಪತ್ತನೆಯ ಜನ್ಮದಿನದ ವರ್ಷವಾದ 1939ರಲ್ಲಿ ಸ್ಮಟ್ಸ್ ಆ ಚಪ್ಪಲಿಗಳನ್ನು ಮರಳಿಸಿದರು. ಹಲವು ಬೇಸಿಗೆಗಳಲ್ಲಿ ಅವನ್ನು ಮೆಟ್ಟಿದ್ದರೂ, ಅಷ್ಟು ದೊಡ್ಡ ಮನುಷ್ಯನ ಪಾದರಕ್ಷೆಯಲ್ಲಿ ನಿಲ್ಲುವ ಅರ್ಹತೆ ತಮಗಿಲ್ಲವೆಂದು ಬರೆದರು.

ನಮ್ಮ ಸಂಘಟನೆಗಳು, ಪಕ್ಷಗಳು, ಮೊಹಲ್ಲಾಗಳು ಈ ಮಾನದಂಡದಲ್ಲಿ ತಮ್ಮನ್ನು ಅಳೆದು ನೋಡಲಿ. ನಮ್ಮವರೊಡನೆ ನಗುವುದು ಯಾರಿಗೂ ಕಷ್ಟವಲ್ಲ. ನಮ್ಮಿಂದ ಏನೂ ಆಗಬೇಕಿಲ್ಲದವನೊಡನೆ, ನಮ್ಮನ್ನು ವಿರೋಧಿಸುವವನೊಡನೆ ನಾವು ಹೇಗೆ ಮಾತಾಡುತ್ತೇವೆ? ನ್ಯಾಯದ ಬೇಡಿಕೆಯನ್ನು ಒಂದಂಗುಲವೂ ಸಡಿಲಿಸದೆ ಅವನ ಮಾನವನ್ನು ಕಾಯಬಲ್ಲೆವೇ? ಬೈಗುಳದಿಂದ ಸಭೆ ಗೆದ್ದವರು ನಾಳೆ ಅದೇ ಊರಿನಲ್ಲಿ, ಅದೇ ನೆರೆಯವನೊಡನೆ ಬದುಕಬೇಕೆಂಬುದನ್ನು ಮರೆಯದಿರಲಿ.