ಮೊಸಳೆ ನಿಜವಾಗಿ ಅಳುತ್ತದೆಯೇ?

ಇಂಗ್ಲಿಷಿನ ‘ಶೆಡ್ ಕ್ರೊಕೊಡೈಲ್ ಟಿಯರ್ಸ್’ ಎಂಬ ನುಡಿಗಟ್ಟು ನಮಗೆ ಹೊಸದಲ್ಲ. ‘ಮೊಸಳೆ ಕಣ್ಣೀರು ಸುರಿಸುವುದು’ ಎಂದು ನಾವೂ ಹೇಳುತ್ತೇವೆ. ಮನಸ್ಸಿನಲ್ಲಿ ಮರುಕವಿಲ್ಲದೆ ಹೊರಗೆ ದುಃಖ ತೋರಿಸುವುದು ಎಂದು ಇದರ ಅರ್ಥ. ತಾನೇ ಕಾಡು ಕಡಿಸಿದವನು ವನಮಹೋತ್ಸವದ ಸಭೆಯಲ್ಲಿ ಮರಗಳಿಗಾಗಿ ಮರುಗಿದರೆ ಅದು ಮೊಸಳೆ ಕಣ್ಣೀರು.

ಇಷ್ಟೊಂದು ಪ್ರಾಣಿಗಳಿರುವಾಗ ಮೊಸಳೆಗೇ ಈ ಅಪವಾದ ಏಕೆ? ಇದರ ಹಿಂದೆ ಯುರೋಪಿನ ಹಳೆಯ ಜನಪದ ನಂಬಿಕೆಯಿದೆ. ಮೊಸಳೆ ತಾನು ಹಿಡಿದ ಮನುಷ್ಯನನ್ನು ತಿನ್ನುತ್ತಲೇ ಅಳುತ್ತದೆ ಎಂದು ಅಲ್ಲಿಯವರು ನಂಬಿದ್ದರು. ಸರ್ ಜಾನ್ ಮ್ಯಾಂಡೆವಿಲ್ ಎಂಬ ಹೆಸರಿನಲ್ಲಿ 14ನೇ ಶತಮಾನದಲ್ಲಿ ಹೊರಬಂದ ಪ್ರವಾಸ ಕಥನ ಈ ನಂಬಿಕೆಯನ್ನು ಬಹಳ ದೂರ ಹರಡಿತು. ವಿನೋದವೆಂದರೆ, ಅದರಲ್ಲಿ ಬರುವ ಅಳುವ ಮೊಸಳೆಗಳು ನಮ್ಮ ಇಂಡಿಯಾದವು! ಮುಂದೆ ಶೇಕ್ಸ್‌ಪಿಯರ್ ಕೂಡ ‘ಒಥೆಲೊ’ ನಾಟಕದಲ್ಲಿ ಇದನ್ನು ಬಳಸಿಕೊಂಡ.

ಹಾಗಾದರೆ ಇದು ಪೂರ್ತಿ ಸುಳ್ಳೇ? ಅಲ್ಲ. ಮೊಸಳೆಗೂ ಕಣ್ಣೀರಿನ ಗ್ರಂಥಿಗಳಿವೆ. ಕಣ್ಣು ಒಣಗದಂತೆ ಕಾಯುವುದು ಅವುಗಳ ಕೆಲಸ. ಅಮೆರಿಕದ ಫ್ಲಾರಿಡಾದಲ್ಲಿ ವಿಜ್ಞಾನಿಗಳು ಮೊಸಳೆಯ ಬಂಧುಗಳಾದ ಆಲಿಗೇಟರ್, ಕೇಮನ್‌ಗಳಿಗೆ ನೆಲದ ಮೇಲೆ ಆಹಾರ ಹಾಕಿ ನೋಡಿದರು. 2007ರಲ್ಲಿ ಪ್ರಕಟವಾದ ಅವರ ವರದಿಯಂತೆ, ಏಳರಲ್ಲಿ ಐದು ಪ್ರಾಣಿಗಳ ಕಣ್ಣಲ್ಲಿ ತಿನ್ನುವಾಗ ನೀರು ಬಂತು. ಅದು ದುಃಖವೂ ಅಲ್ಲ, ನಾಟಕವೂ ಅಲ್ಲ, ಕೇವಲ ದೇಹಧರ್ಮ.

ನಮ್ಮ ಕಡೆಯವರಿಗೆ ಬೇರೊಂದು ಮೊಸಳೆಯ ಪರಿಚಯವಿದೆ. ವಾಮದಪದವು, ಬಂಟ್ವಾಳ, ಮೂಡುಬಿದಿರೆಗಳಿಂದ ಕಾಸರಗೋಡಿನತ್ತ ಯಾತ್ರೆ ಹೋದವರು ಕುಂಬಳೆ ಸಮೀಪದ ಅನಂತಪುರ ಸರೋವರ ಕ್ಷೇತ್ರದ ‘ಬಬಿಯಾ’ನನ್ನು ಮರೆತಿರಲಾರರು. ನೈವೇದ್ಯದ ಅನ್ನ ಉಣ್ಣುತ್ತಿದ್ದ ಆ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜನ ಗುಂಪುಗುಂಪಾಗಿ ಬಂದು ಕೈಮುಗಿದರು. ಅಂದು ಮೊಸಳೆಗಾಗಿ ಮನುಷ್ಯರು ಹಾಕಿದ ಕಣ್ಣೀರು ಮೊಸಳೆ ಕಣ್ಣೀರಲ್ಲ!

ವಿದ್ಯಾರ್ಥಿಗಳೇ, ಎರಡು ವಿಷಯ ನೆನಪಿಡಿ. ‘ಶೆಡ್’ ಎಂಬುದರ ವರ್ತಮಾನ, ಭೂತ ರೂಪಗಳೆರಡೂ ಒಂದೇ. ‘ಶೆಡೆಡ್’ ಎಂದು ಬರೆಯಬೇಡಿ. ಕಣ್ಣೀರಿನ ‘ಟಿಯರ್’ಗೂ ಕಾಗದ ಹರಿಯುವ ‘ಟೇರ್’ಗೂ ಸ್ಪೆಲ್ಲಿಂಗ್ ಒಂದೇ, ಉಚ್ಚಾರ ಬೇರೆ.

ಹೆತ್ತವರಿಗೂ ಒಂದು ಮಾತು. ಅಂಕಪಟ್ಟಿ ಹಿಡಿದು ಅಳುವ ಮಗುವನ್ನು ‘ಮೊಸಳೆ ಕಣ್ಣೀರು ಸಾಕು’ ಎಂದು ಗದರುವುದು ಸುಲಭ. ಆದರೆ ಕಣ್ಣಂಚಿನ ನೀರನ್ನಷ್ಟೇ ಕಂಡು ಒಳಗಿನದನ್ನು ಊಹಿಸಿದ್ದರಿಂದಲೇ ಮೊಸಳೆ ಶತಮಾನಗಳಿಂದ ಕೆಟ್ಟ ಹೆಸರು ಹೊತ್ತಿದೆ. ಮಗುವಿನ ಕಣ್ಣೀರಿಗೆ ಹೆಸರಿಡುವ ಮೊದಲು ಕಾರಣ ಕೇಳಿ.